ನೋಯುವ ಮೊಣಕಾಲಿನ ಕಡೆ

ನಮ್ಮ ಮನೆಯ ಬಟ್ಟೆ ಒಣಗಿಸುವ ತಂತಿಯ ಮೇಲೆ ಸೀರೆ, ಲುಂಗಿ, ಟವೆಲ್ಲುಗಳ ನಡುವೆ ಕಂದು ಬಣ್ಣದ ಎಲಾಸ್ಟಿಕ್ ಚೀಲವೊಂದು ಕ್ಲಿಪ್ಪಿಗೆ ಸಿಕ್ಕಿ ನೇತಾಡುತ್ತಿರುತ್ತದೆ. ಚೀಲ ಎಂದೆನೇ ಹೊರತು ಅದಕ್ಕೆ ತಳವಿಲ್ಲ, ಎರಡೂ ಕಡೆ ಬಾಯಿ. ಮೊದಲ ಸಲ ನೋಡಿದವರು ಇದೇನಿರಬಹುದೆಂದು ಯೋಚಿಸಿ, ಕೇಳಿದರೆ ಏನು ತಿಳಿದುಕೊಳ್ಳುತ್ತಾರೋ ಎಂದು ಸುಮ್ಮನಾಗುತ್ತಾರೆ. ಹಾಲು ಹಾಕುವವಳು ಮಾತ್ರ ಬಾಯಿಬಿಟ್ಟು ಕೇಳಿದ್ದಳು, "ಏನಕ್ಕಾ ಅದು, ಮಂಕಿ ಕ್ಯಾಪಾ?" ಎಂದು. ನಮ್ಮತ್ತೆ ಅದಕ್ಕೆ ಇಟ್ಟಿರುವ ಹೆಸರು ಕಾಲ್ರವಿಕೆ. ಮೋಡ ಕವಿದರೆ ಸಾಕು, ಒಳಗಿನಿಂದ ಕೂಗುತ್ತಾರೆ: "ಮಳೆ ಬರೋ ಅಂಗೈತೆ, ನಿನ್ ಕಾಲ್ರವಿಕೆ ಎತ್ಕೊಳಮ್ಮಾ!"

ಅದು ನನ್ನ ಬಲ ಮೊಣಕಾಲಿನ ನೀಕ್ಯಾಪು. ನಾನು ಕಾಲೇಜಿನ ದಿನಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವಳು. ಈಗ ಸೇಲಂನ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಂದೇ ಒಂದು ಹುಡುಗಿಗೆ ಆಟ ಹೇಳಿಕೊಡುತ್ತೇನೆ. ಇಷ್ಟು ಹೇಳಿದ ಮೇಲೆ ಮೊಣಕಾಲು ಹೇಗೆ ಕೆಟ್ಟಿತೆಂದು ಯಾರೂ ಕೇಳುವುದಿಲ್ಲ, ಆಟದಲ್ಲೇ ಕೆಟ್ಟಿರಬೇಕೆಂದು ಅವರೇ ತೀರ್ಮಾನಿಸಿ ಗೌರವದಿಂದ ತಲೆಯಾಡಿಸುತ್ತಾರೆ. ನಾನೂ ಸುಮ್ಮನಿರುತ್ತೇನೆ. ನಿಮ್ಮ ಹತ್ತಿರ ಮುಚ್ಚಿಡುವುದೇನು? ಅದು ಕೆಟ್ಟದ್ದು ಟೌನ್ ಬಸ್ಸಿನ ಮೆಟ್ಟಿಲಲ್ಲಿ. ಕೈಯಲ್ಲಿ ಮಾವಿನಹಣ್ಣಿನ ಚೀಲವಿತ್ತು. ಇಳಿಯುವ ಮೊದಲೇ ಬಸ್ಸು ಕದಲಿತು. ಚೀಲ ಬಿಟ್ಟು ಕಂಬಿ ಹಿಡಿಯಬೇಕಾದವಳು ಕಂಬಿ ಬಿಟ್ಟು ಚೀಲ ಹಿಡಿದೆ. ಹಣ್ಣಿಗೆ ಏನೂ ಆಗಲಿಲ್ಲ.

ಈ ವಾರ ಎಡೆಬಿಡದೆ ಜಿಟಿಜಿಟಿ ಮಳೆ. ನೀಕ್ಯಾಪು ಒಣಗುತ್ತಲೇ ಇಲ್ಲ. ಅದನ್ನು ಕೈಯಲ್ಲಿ ಹಿಡಿದು ಹಿಂಡುತ್ತಾ ಕೂತಾಗ ನನ್ನ ತವರೂರು ಎಡಪ್ಪಾಡಿಯ ನಮ್ಮ ಬೀದಿ ನೆನಪಾಯಿತು. ನೂಲು ಒದ್ದೆಯಾದರೂ ನಮ್ಮ ಮನೆಯಲ್ಲಿ ಇಂಥದೇ ಚಡಪಡಿಕೆ ಇರುತ್ತಿತ್ತು.

ನಮ್ಮದು ನೇಯ್ಗೆಯವರ ಬೀದಿ. ಮನೆಯ ಹಿಂದೆ ಪಾವಡಿ ಇತ್ತು. ಪಾವು ಅಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ನೂಲು. ಅದನ್ನು ಬಯಲಲ್ಲಿ ಈ ತುದಿಯಿಂದ ಆ ತುದಿಗೆ ಎಳೆದು ಕಟ್ಟಿ, ಗಂಜಿ ಹಾಕಿ, ಕುಂಚದಲ್ಲಿ ನೀವಿ ಒಣಗಿಸುವ ಜಾಗವೇ ಪಾವಡಿ. ಪಾವು ಹಾಕಿರುವಾಗ ಅದನ್ನು ಯಾರೂ ದಾಟುವಂತಿಲ್ಲ. ಕೆಳಗೆ ನುಸುಳುವಂತಿಲ್ಲ, ಮೇಲೆ ಹಾರುವುದಂತೂ ದೂರದ ಮಾತು. ಆಚೆಗೆ ಹೋಗಬೇಕಿದ್ದರೆ ತುದಿಯವರೆಗೂ ನಡೆದು ಸುತ್ತಿಕೊಂಡು ಹೋಗಬೇಕು. ನಾವು ಮಕ್ಕಳು ಮಾತು ಕಲಿಯುವ ಹೊತ್ತಿಗೆ ಕಿವಿಗೆ ಬೀಳುತ್ತಿದ್ದ ಕೂಗೇ ಅದು: "ಸುತ್ಕೊಂಡ್ ಓಗ್ರೇ!"

ಅದೇ ಪಾವಡಿಯ ಒಂದು ತುದಿಯಲ್ಲಿ ಒಂದು ಬೇವಿನ ಮರ, ಅದಕ್ಕೆ ಬಾಲು ಹಾಕಲೊಂದು ಕಬ್ಬಿಣದ ಬಳೆ. ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದ ಡ್ರಿಲ್ ಮಾಸ್ಟರು ಹೊಡೆಸಿದ್ದು. ಪಾವು ಸುತ್ತಿಟ್ಟ ಮೇಲೆ ಬಯಲು ನಮ್ಮದಾಗುತ್ತಿತ್ತು. ಒಮ್ಮೆ ನಾನು ತಡೆಯಲಾರದೆ ಪಾವು ಇನ್ನೂ ಹಾಕಿರುವಾಗಲೇ ಬಾಲು ತಂದೆ. ಕೈತಪ್ಪಿದ ಬಾಲು ನೂಲಿನ ಅಡಿಯಿಂದ ಉರುಳಿ ಆಚೆಗೆ ಹೋಯಿತು. ಇಡೀ ಬೀದಿ ಹೋ ಎಂದಿತು. ಬಾಲು ನನ್ನ ಕಣ್ಣೆದುರೇ, ಕೈಚಾಚಿದರೆ ಸಿಗುವ ದೂರದಲ್ಲಿ ಮೆಲ್ಲಗೆ ಚರಂಡಿಯ ಕಡೆಗೆ ಉರುಳುತ್ತಿದೆ. ನಾನು ಮಾತ್ರ ಪಾವಿನ ಉದ್ದಕ್ಕೂ ಓಡಿ, ತುದಿ ಸುತ್ತಿ, ಮತ್ತೆ ಅಷ್ಟೇ ದೂರ ಓಡಿಬಂದೆ. ಬಂದಾಗ ಬಾಲು ಚರಂಡಿಯಲ್ಲಿತ್ತು. ನಾನು ಅತ್ತೆ. ಆದರೆ ದಾಟಬಹುದಿತ್ತು ಎಂಬ ಯೋಚನೆ ಆಗಲೂ ಬರಲಿಲ್ಲ. ನೋಡಿ, ಎದುರಿಗಿರುವವರನ್ನು ಸೀಳಿಕೊಂಡು ಹೋಗಬೇಕಾದ ಆಟವನ್ನು ನಾನು ಕಲಿತದ್ದು ಇಂಥ ಜಾಗದಲ್ಲಿ.

ಈಗ ಹರಿಣಿಯ ವಿಷಯಕ್ಕೆ ಬರುತ್ತೇನೆ. ಹರಿಣಿ ಒಂಬತ್ತನೆಯ ಕ್ಲಾಸು. ಅವರ ಮನೆಯೂ ನಮ್ಮ ಹಾಗೆ ಕನ್ನಡದ ಮನೆ. ಅಪ್ಪ ಬೆಳ್ಳಿ ಗೆಜ್ಜೆ ಮಾಡುವ ಪಟ್ಟರೆಯಲ್ಲಿ ಬೆಸುಗೆ ಕೆಲಸ ಮಾಡುತ್ತಾರೆ. ಈ ವರ್ಷ ಶಾಲೆ ತೆರೆದ ವಾರವೇ ಅವಳ ಅಮ್ಮ ಅವಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಶಾಲೆಯಲ್ಲಿ ಕೋಚ್ ಇದ್ದಾರೆ, ಆದರೆ ಮಕ್ಕಳ ದೊಡ್ಡ ಗುಂಪು, ಈ ಹುಡುಗಿ ಗುಂಪಿನಲ್ಲಿ ಎಲ್ಲರಿಗೂ ದಾರಿ ಬಿಟ್ಟು ಕೊನೆಗೆ ಗೋಡೆಗೆ ಒರಗಿ ನಿಲ್ಲುತ್ತಾಳಂತೆ. "ನೀವು ಒಬ್ಳನ್ನೇ ನಿಲ್ಸಿ ಏಳ್ಕೊಡಿ ಮಿಸ್. ಕೈ ಚೆನ್ನಾಗೈತೆ ಅಂತಾರೆ. ಬಾಯೇ ಇಲ್ಲ ಇದ್ಕೆ."

ಅಪ್ಪ ಬಾಗಿಲಲ್ಲೇ ನಿಂತಿದ್ದರು. ಅವರದು ಒಂದೇ ಮಾತು. "ಈ ವರ್ಷ ಆಡ್ಲಿ ಮಿಸ್. ಜೋನ್ ಟೀಮಿಗೆ ಸೆಲೆಕ್ಷನ್ ಆದ್ರೆ ಮುಂದಕ್ಕೂ ಆಡ್ಲಿ, ನಾನು ಬ್ಯಾಡ ಅನ್ನಲ್ಲ. ಆಗ್ಲಿಲ್ಲಾಂದ್ರೆ ಬರೋ ವರ್ಷ ಟೆಂತು. ಟ್ಯೂಷನ್ನು. ಬಾಲು ಅಟ್ಟಕ್ಕೆ."

ಹತ್ತನೆಯ ಕ್ಲಾಸು ಎಂಬುದು ನಮ್ಮ ಕಡೆ ಎಷ್ಟು ಆಟಗಳನ್ನು ನುಂಗಿದೆ ಎಂಬುದು ನನಗೆ ಗೊತ್ತು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಕೈಯಲ್ಲಿದ್ದ ಬಾಲನ್ನು ಮಾತ್ರ ಯಾರಾದರೂ ಕಿತ್ತುಕೊಳ್ಳುತ್ತಾರೋ ಎಂಬಂತೆ ಹೊಟ್ಟೆಗೆ ಒತ್ತಿ ಹಿಡಿದಿದ್ದಳು. ಅದನ್ನು ನೋಡಿ ನನಗೊಂದು ಹಟ ಬಂತು. ಈ ಬಾಲು ಅಟ್ಟ ಹತ್ತಬಾರದು, ಅಷ್ಟೆ.

ಪಾರ್ಕಿನಲ್ಲಿ ಒಂದೇ ಕಂಬ, ಒಂದೇ ಬಳೆ, ಬಲೆ ಹರಿದುಹೋಗಿ ಬಹಳ ಕಾಲವಾಗಿದೆ. ಕೋರ್ಟಿನ ಮಧ್ಯದಿಂದಲೇ ವಾಕಿಂಗಿನವರು ಹಾದುಹೋಗುತ್ತಾರೆ. ಅವರಲ್ಲಿ ಮಫ್ಲರಿನ ತಾತ ಒಬ್ಬರು ಪ್ರತಿ ಸುತ್ತಿಗೂ ಒಂದು ಸಲಹೆ ಕೊಟ್ಟು ಹೋಗುತ್ತಾರೆ. ಒಬ್ಬಳಿಗೇ ಕಲಿಸುವುದೆಂದರೆ ನಾನೇ ಗುರು, ನಾನೇ ಎದುರಾಳಿ, ಬಾಲು ಗಿಡದಲ್ಲಿ ಸಿಕ್ಕಿಕೊಂಡರೆ ನಾನೇ ತೆಗೆಯುವವಳು. ಕೈಯಗಲಿಸಿ, ಮೊಣಕಾಲು ಬಗ್ಗಿಸಿ ಅವಳ ಎದುರು ನಿಲ್ಲುತ್ತಿದ್ದೆ. ಅವಳು ಬಾಲನ್ನು ನೆಲಕ್ಕೆ ಬಡಿಯುತ್ತಾ ನನ್ನನ್ನು ದಾಟಿ ಬಳೆಗೆ ಹಾಕಬೇಕು. ಹುಡುಗಿಯ ಕೈ ನಿಜಕ್ಕೂ ಚೆನ್ನಾಗಿತ್ತು. ಆದರೆ ಯಾವಾಗಲೂ ತನ್ನ ಬಲಕ್ಕೇ ಹೋಗುತ್ತಿದ್ದಳು. ಎಡಕ್ಕೆ ಒಂದು ಸಲವೂ ಇಲ್ಲ.

ಒಂದೇ ಕಡೆಗೆ ಹೋಗುವ ಆಟಗಾರ್ತಿಯನ್ನು ಯಾರು ಬೇಕಾದರೂ ತಡೆಯಬಹುದು. ಎಡಗೈ ದುರ್ಬಲ ಎಂದು ನಾನು ರೋಗ ಗುರುತಿಸಿದೆ. ಮದ್ದೂ ನಾನೇ ಕೊಟ್ಟೆ. ಎಡಗೈಯಲ್ಲಿ ಹಲ್ಲುಜ್ಜು, ಎಡಗೈಯಲ್ಲಿ ತಲೆ ಬಾಚು, ಊಟ ಒಂದು ಬಿಟ್ಟು ಉಳಿದದ್ದೆಲ್ಲ ಎಡಗೈಯಲ್ಲೇ ಆಗಲಿ ಎಂದೆ. ಹರಿಣಿಯೋ, ಹೇಳಿದ ಮಾತನ್ನು ಚಾಚೂ ತಪ್ಪದೆ ನಡೆಸುವ ಹುಡುಗಿ. ಅದೇ ಎಡವಟ್ಟಾಯಿತು. ಎಡಪ್ಪಾಡಿಯಿಂದ ಅವಳ ದೊಡ್ಡಪ್ಪ ಬಂದಿದ್ದಾರೆ, ಇವಳು ಕಾಫಿ ಲೋಟವನ್ನು ಎಡಗೈಯಲ್ಲಿ ನೀಡಿದ್ದಾಳೆ! ದೊಡ್ಡಪ್ಪ ಲೋಟ ಮುಟ್ಟದೆ ಎದ್ದು ಹೋದರಂತೆ. ಅವತ್ತು ಸಂಜೆ ಅಮ್ಮನ ಫೋನು ಬಂತು.

"ಮಿಸ್, ತಪ್ಪು ತಿಳ್ಕೋಬ್ಯಾಡಿ. ಎಡಗೈ ಕೋರ್ಟಲ್ಲೇ ಇರ್ಲಿ ಮಿಸ್. ಮನೆಗೆ ಬ್ಯಾಡ."

ಸರಿ ಎಂದೆ. ಕೋರ್ಟಿನಲ್ಲೇ ಅವಳ ಬಲಗೈಯನ್ನು ದುಪಟ್ಟಾದಿಂದ ಸೊಂಟಕ್ಕೆ ಕಟ್ಟಿ ಎಡಗೈಯಲ್ಲಿ ಬಾಲು ಬಡಿಸಿದೆ. ಬಡಿದಳು. ಬಹಳ ಚೆನ್ನಾಗಿಯೇ ಬಡಿದಳು. ಬಿಚ್ಚಿ ನನ್ನ ಎದುರು ನಿಲ್ಲಿಸಿದರೆ ಮತ್ತೆ ಬಲಕ್ಕೇ ಹೋದಳು. ಗದರಿದೆ, ರಮಿಸಿದೆ. "ಯಾಕೇ ಇಂಗೆ ಮಾಡ್ತೀಯಾ?" ಎಂದರೆ "ಸಾರಿ ಮಿಸ್" ಅನ್ನುತ್ತಿದ್ದಳು, ಅಷ್ಟೆ. ಮಫ್ಲರ್ ತಾತ ಕೂಡ ಒಂದು ಸುತ್ತಿನಲ್ಲಿ ತಮಿಳಿನಲ್ಲೇ "ಲೆಫ್ಟ್ ಸೈಡು ವೀಕು ಮ್ಮಾ" ಎಂದು ತೀರ್ಪು ಕೊಟ್ಟು ಮುಂದಕ್ಕೆ ನಡೆದರು.

ಇಲ್ಲಿ ನಮ್ಮ ಭಾಷೆಯ ವಿಷಯ ಒಂದು ಮಾತು ಹೇಳಬೇಕು. ಹರಿಣಿಯ ವಯಸ್ಸಿನವರಿಗೆ ತಮಿಳೇ ಸಲೀಸು. ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲಿ ಉತ್ತರ ಬರುತ್ತದೆ. ನನಗೆ ಮಾತ್ರ ಕನ್ನಡದ ಮೇಲೆ ಒಂದು ತೂಕ ಹೆಚ್ಚಿನ ಮೋಹ. ನಾನು ಕನ್ನಡದ ಅಕ್ಷರ ಕಲಿತದ್ದೇ ಮದುವೆಯಾದ ಮೇಲೆ. ಅತ್ತೆ ಹೊಸೂರು ಕಡೆಯವರು, ಕನ್ನಡ ಶಾಲೆಯಲ್ಲಿ ಓದಿದವರು, ಅಡಿಗೆಮನೆಯಲ್ಲಿ ಅಕ್ಕಿ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು ತೋರಿಸಿದರು. ಹಾಗಾಗಿ ಕೋರ್ಟಿನಲ್ಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ ಎಂದು ನಿಯಮ ಮಾಡಿದ್ದೆ. ಅದಕ್ಕೊಂದು ಕಾರಣವನ್ನೂ ಕೊಟ್ಟಿದ್ದೆ. "ಮ್ಯಾಚಲ್ಲಿ ನಾನು ಹೊರಗಿಂದ ಕೂಗಿ ಏಳಿದ್ರೆ ಎದುರಿನೋರಿಗೆ ಅರ್ಥ ಆಗಲ್ಲ, ಇದು ನಮ್ಮ ಗುಟ್ಟು." ಹರಿಣಿ ದೊಡ್ಡ ಕಣ್ಣು ಮಾಡಿ ಒಪ್ಪಿಕೊಂಡಿದ್ದಳು. ಕನ್ನಡದ ಎಡಕ್ಕೂ ತಮಿಳಿನ ಇಡದುಗೂ ಅಂಥ ದೂರವೇನು ಎಂದು ಕೇಳುವಷ್ಟು ಬಾಯಿ ಅವಳಿಗಿರಲಿಲ್ಲ, ನಮ್ಮ ಪುಣ್ಯ.

ಸೆಲೆಕ್ಷನ್ ಹತ್ತಿರ ಬಂತು. ಆ ವಾರವೇ ನನ್ನ ಮೊಣಕಾಲು ಊದಿಕೊಂಡಿತು. ಮೆಟ್ಟಿಲು ಇಳಿಯುವುದೇ ಕಷ್ಟ. ಪಾಠ ತಪ್ಪಿಸುವ ಮನಸ್ಸಿಲ್ಲ. ಕೊನೆಗೆ ನಮ್ಮ ಮನೆಯವರನ್ನು ಎಬ್ಬಿಸಿದೆ. ಅವರು ಗಣಿತದ ಮೇಷ್ಟ್ರು, ಬಾಲಿನ ಸುತ್ತಳತೆ ಹೇಳಬಲ್ಲರು, ಅದನ್ನು ಹಿಡಿಯಲಾರರು. "ನೀವು ಸುಮ್ನೆ ಕೈ ಅಗಲಿಸಿ ನಿಂತ್ಕೊಳ್ಳಿ, ಸಾಕು" ಎಂದು ಹೇಳಿ ಕರೆದೊಯ್ದು ನಾನು ಬೆಂಚಿನ ಮೇಲೆ ಕೂತೆ.

ಅವರು ಲುಂಗಿಯನ್ನು ಮೇಲೆತ್ತಿ ಕಟ್ಟಿ, ಬಸ್ಸು ನಿಲ್ಲಿಸುವವರ ಹಾಗೆ ಎರಡೂ ಕೈ ಚಾಚಿ ನಿಂತರು. ಹರಿಣಿ ಬಾಲು ಬಡಿಯುತ್ತಾ ಬಂದಳು. ಬಲಕ್ಕೆ ವಾಲಿದಂತೆ ಮಾಡಿ, ಬಾಲನ್ನು ಎಡಗೈಗೆ ದಾಟಿಸಿ, ಸರಕ್ಕನೆ ಎಡಕ್ಕೆ ಹೋಗಿ ಬಳೆಗೆ ಹಾಕಿಬಿಟ್ಟಳು. ನಮ್ಮ ಮನೆಯವರು ಇನ್ನೂ ಬಲಕ್ಕೇ ನೋಡುತ್ತಿದ್ದರು. ಇನ್ನೊಂದು ಸಲ ಬಲಕ್ಕೆ, ಆಮೇಲೆ ಮತ್ತೆ ಎಡಕ್ಕೆ. ಎಡಗೈ ಬೆಣ್ಣೆಯ ಹಾಗೆ ಓಡುತ್ತಿತ್ತು. ನಾನು ಕಾಲುನೋವು ಮರೆತು ಎದ್ದು ನಿಂತೆ.

"ಎಡಗಡೆ ಬತ್ತೈತಲ್ಲೇ ನಿಂಗೆ!"

"ಬತ್ತೈತೆ ಮಿಸ್."

"ಮತ್ತೆ ನಾನು ನಿಂತ್ರೆ ಯಾಕೆ ಓಗಲ್ಲ?"

ಅವಳು ಬಾಲನ್ನು ತಿರುಗಿಸುತ್ತಾ ನಿಂತಳು. "ಆ ಕಡೆ ನಿಮ್ ನೋಯೋ ಕಾಲೈತಲ್ಲ ಮಿಸ್. ನಾನು ಆ ಕಡೆ ಬಂದ್ರೆ ನೀವು ಆ ಕಾಲ್ ಮೇಲೇ ತಿರುಗ್ಬೇಕು. ತಿರುಗಿದ್ರೆ ನೋಯ್ತೈತೆ. ಪಾವಂ ಮಿಸ್ ನೀವು."

ಪಾವಂ! ನಮ್ಮ ಕಡೆ ಈ ಪದವನ್ನು ಚಳಿಗೆ ನಡುಗುವ ನಾಯಿಮರಿಗೆ, ಬಸ್ಸು ತಪ್ಪಿದ ಮುದುಕರಿಗೆ ಬಳಸುತ್ತೇವೆ. ಕಾಲೇಜು ತಂಡದ ನಾಯಕಿಯಾಗಿದ್ದ ನಾನು ಇಷ್ಟು ದಿನ ಈ ಹುಡುಗಿಯ ಕಣ್ಣಿಗೆ ಪಾವಂ ಆಗಿದ್ದೆ.

"ಯಾವಾಗಿಂದ ಇಂಗೆ?"

"ಮೊದಲಿಂದ್ಲೂ ಮಿಸ್. ಫಸ್ಟ್ ದಿವ್ಸ ನೀವು ಶೂ ಲೇಸ್ ಕಟ್ಟಿ ಏಳೋವಾಗ ಅಮ್ಮಾ ಅಂದ್ರಿ."

ಸಿಟ್ಟು ಬಂತು, ಕಣ್ಣೂ ತುಂಬಿತು. ಎರಡೂ ಒಟ್ಟಿಗೆ ಬಂದಾಗ ಏನು ಮಾಡಬೇಕೆಂದು ತಿಳಿಯದೆ ನಾನು ಅವಳ ಕೈಯಿಂದ ಬಾಲು ಕಿತ್ತುಕೊಂಡೆ. ಹಲ್ಲುಜ್ಜಿದ್ದು, ದುಪಟ್ಟಾ ಕಟ್ಟಿದ್ದು, ದೊಡ್ಡಪ್ಪ ಕಾಫಿ ಕುಡಿಯದೆ ಎದ್ದು ಹೋದದ್ದು, ಇಷ್ಟೂ ವ್ಯರ್ಥ. ಹುಡುಗಿಯ ಎಡಗೈಗೆ ಏನೂ ಆಗಿರಲಿಲ್ಲ. ನಾನು ಚಿಕ್ಕಂದಿನಲ್ಲಿ ಪಾವನ್ನು ಸುತ್ತಿಕೊಂಡು ಹೋದ ಹಾಗೆ ಅವಳು ನನ್ನ ಮೊಣಕಾಲನ್ನು ಸುತ್ತಿಕೊಂಡು ಹೋಗುತ್ತಿದ್ದಳು. ನಮ್ಮ ಮನೆಯವರು ಉಸಿರು ಬಿಡುತ್ತಾ ಬಂದು, "ನಂಗೆ ಒಂದ್ ಚೂರೂ ಮರ್ಯಾದೆ ಕೊಡ್ಲಿಲ್ವಲ್ಲಾ ಈ ಉಡುಗಿ!" ಎಂದರು.

ಮರುದಿನದಿಂದ ನನ್ನ ಹಟ ದುಪ್ಪಟ್ಟಾಯಿತು. ಮೊಣಕಾಲಿಗೆ ಎಣ್ಣೆ ತಿಕ್ಕಿ, ನೀಕ್ಯಾಪು ಕಾಣದಂತೆ ಮೇಲೆ ಟ್ರ್ಯಾಕ್ ಪ್ಯಾಂಟು ಹಾಕಿ, "ನೋವೆಲ್ಲ ಓಯ್ತು, ಎಡಕ್ಕೇ ಬಾ" ಎಂದು ಆಜ್ಞೆ ಮಾಡಿದೆ. ಬಂದಳು, ಆದರೆ ನನ್ನ ಹತ್ತಿರ ಬರುವಾಗ ನಿಧಾನಿಸಿದಳು. ಕಾಲು ಬರುತ್ತಿತ್ತು, ಮನಸ್ಸು ಬ್ರೇಕು ಹಾಕುತ್ತಿತ್ತು. "ವೇಣಾಂ ಮಿಸ್, ಬ್ಯಾಡ, ಆಗ್ತಾ ಇಲ್ಲ" ಎಂದು ಕಣ್ಣೀರು ಹಾಕಿದಳು. ಮಫ್ಲರ್ ತಾತನನ್ನು ನಿಲ್ಲಿಸಿ ನೋಡಿದೆ. ಅವರ ಸೊಂಟಕ್ಕೆ ಪೆಟ್ಟಾದೀತೆಂದು ಹರಿಣಿ ಆರು ಅಡಿ ದೂರದಿಂದಲೇ ಸುತ್ತಿಕೊಂಡು ಹೋದಳು. ಕೊನೆಗೆ ನಮ್ಮತ್ತೆಯೇ ಸೆರಗು ಸಿಕ್ಕಿಸಿಕೊಂಡು ಬಂದು "ಬಾಮ್ಮಾ ಕಣ್ಣು, ನಾನ್ ತಡೀತೀನಿ" ಎಂದು ಎದುರು ನಿಂತರು. ಹುಡುಗಿ ಬಾಲು ಕೆಳಗಿಟ್ಟು ಕೈ ಮುಗಿದಳು. ನೋವಿರುವವರ ಮೇಲೆ ಹೋಗುವುದು ಅವಳಿಂದ ಆಗುವುದಿಲ್ಲ ಎಂಬುದು ಖಚಿತವಾಯಿತು. ಇರಲಿ, ಸೆಲೆಕ್ಷನ್ನಿಗೆ ಬರುವವರೆಲ್ಲ ಹದಿನಾಲ್ಕರ ಹುಡುಗಿಯರು, ಆ ವಯಸ್ಸಿನವರಿಗೆ ಮೊಣಕಾಲು ನೋವು ಎಲ್ಲಿಂದ ಬರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಸೆಲೆಕ್ಷನ್ ಧರ್ಮಪುರಿಯಲ್ಲಿ. ಬೆಳಗಿನ ಬಸ್ಸಿನಲ್ಲಿ ಹೊರಟೆವು. ತೊಪ್ಪೂರು ಘಾಟಿಯ ತಿರುವಿನಲ್ಲಿ ಹುಡುಗಿಯ ಮುಖ ಬಿಳಿಚಿಕೊಂಡಿತು, ನಿಂಬೆಹಣ್ಣು ಕೈಗೆ ಕೊಟ್ಟೆ. ಮೂಗಿಗೆ ಹಿಡಿದುಕೊಂಡೇ ಕೇಳಿದಳು.

"ಮಿಸ್, ಆಗ್ಲಿಲ್ಲಾಂದ್ರೆ ಅಪ್ಪಾ ನಿಜವಾಗ್ಲೂ ಬಾಲು ಅಟ್ಟಕ್ಕಾಕ್ತಾರಾ?"

"ಆಕ್ತಾರೆ" ಎಂದೆ. ಸುಳ್ಳು ಹೇಳಿ ಏನು ಪ್ರಯೋಜನ? "ಅದ್ಕೇ ಆಗ್ಬೇಕು."

ಮೈದಾನದ ಬದಿಯಲ್ಲಿ ಸಿಮೆಂಟಿನ ಮೆಟ್ಟಿಲು. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ, ಮಡಿಲಲ್ಲಿ ಬೇಯಿಸಿದ ಕಡಲೆಕಾಯಿಯ ಪೊಟ್ಟಣ. ಪರಸ್ಪರ ತಮಿಳಿನಲ್ಲಿ ಯೋಗಕ್ಷೇಮ ವಿಚಾರಿಸಿದೆವು. ಪಾಲಕೋಡ್ ಕಡೆಯ ಹಳ್ಳಿಯವರು, ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದಾರೆ. ಮೊನ್ನೆ ತೋಟದಲ್ಲಿ ಟೊಮೇಟೊ ಕ್ರೇಟು ಇಳಿಸುವಾಗ ಹುಡುಗಿಯ ಮೊಣಕಾಲಿನ ಮೇಲೆ ಬಿತ್ತಂತೆ, ಬೇಡವೆಂದರೂ ಕೇಳದೆ ಕಟ್ಟು ಕಟ್ಟಿಕೊಂಡು ಬಂದಿದ್ದಾಳಂತೆ. ಹಣ್ಣಿಗೂ ಮೊಣಕಾಲಿಗೂ ಏನೋ ಹಳೆಯ ದ್ವೇಷ ಇರಬೇಕು ಎಂದುಕೊಂಡೆ. ಅಜ್ಜಿ ಕೊಟ್ಟ ಕಡಲೆಕಾಯಿ ಸುಲಿಯುತ್ತಾ ಇಬ್ಬರೂ ಒಳ್ಳೆಯ ಸ್ನೇಹಿತರಾದೆವು.

ಮಧ್ಯಾಹ್ನದ ಹೊತ್ತಿಗೆ ಇಬ್ಬಿಬ್ಬರನ್ನೇ ಎದುರುಬದುರು ಆಡಿಸಿ ನೋಡುವ ಸುತ್ತು. ಒಬ್ಬಳ ಕೈಯಲ್ಲಿ ಬಾಲು, ಇನ್ನೊಬ್ಬಳು ತಡೆಯಬೇಕು. ಆಯ್ಕೆ ಮಾಡುವವರು ಹರಿಣಿಯನ್ನು ಕರೆದರು. ಎದುರಿಗೆ ಒಬ್ಬ ಎತ್ತರದ ಹುಡುಗಿ ಬಂದು ನಿಂತಳು. ಬಲ ಮೊಣಕಾಲಿಗೆ ಬಿಳಿ ಕಟ್ಟು. ಅಜ್ಜಿ ನನ್ನ ತೋಳು ತಟ್ಟಿ, ಅವಳೇ ನನ್ನ ಮೊಮ್ಮಗಳು ಎಂದರು.

ಹರಿಣಿ ಆ ಕಟ್ಟನ್ನು ನೋಡಿದ್ದು ನನಗೆ ಕಂಡಿತು. ಅವಳ ಮುಖ ಮೆತ್ತಗಾದದ್ದೂ ಕಂಡಿತು. ಬಾಲು ಹಿಡಿದು ಬಲಕ್ಕೆ ಹೋದಳು. ಎತ್ತರದ ಹುಡುಗಿ ತಡೆದಳು. ಮತ್ತೆ ಬಲಕ್ಕೆ ಹೋದಳು. ಈ ಸಲ ಎದುರಿನವಳು ಅಲ್ಲೇ ಕಾದು ನಿಂತಿದ್ದಳು, ಬಾಲನ್ನೇ ಕಸಿದುಕೊಂಡಳು. ಕುರ್ಚಿಯಲ್ಲಿ ಕೂತವರೊಬ್ಬರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ ತಲೆಯಾಡಿಸಿದರು. ನನಗೆ ಕಣ್ಣ ಮುಂದೆ ಅಟ್ಟ ಕಂಡಿತು. ಅದರ ಏಣಿಯೂ ಕಂಡಿತು.

ಎದ್ದು ನಿಂತು ಗಂಟಲು ಹರಿಯುವ ಹಾಗೆ, ನಮ್ಮ ಗುಟ್ಟಿನ ಭಾಷೆಯಲ್ಲಿ ಕೂಗಿದೆ: "ಎಡಕ್ಕೆ ಓಗೇ ಹರಿಣೀ! ನೋಯೋ ಕಾಲಿನ ಕಡೆ ಓಗೇ!"

ಮೈದಾನದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ ನನ್ನ ಪಕ್ಕದಿಂದ, ಇಷ್ಟು ಹೊತ್ತೂ ಅಚ್ಚ ತಮಿಳಿನಲ್ಲಿ ಮಾತಾಡುತ್ತಿದ್ದ ಅಜ್ಜಿಯಿಂದ, ನಮ್ಮ ಮನೆಯ ಕನ್ನಡ ಬಂತು.

"ಏನವ್ವಾ, ನನ್ ಮೊಮ್ಮಗಳ ಕಾಲು ಮುರ್ದಾಕ್ಬೇಕಾ ನಿಂಗೆ?"

ಧರ್ಮಪುರಿ! ಪಾಲಕೋಡ್! ಈ ಸೀಮೆಯಲ್ಲಿ ಕಲ್ಲು ಎಸೆದರೆ ಕನ್ನಡದ ಮನೆಗೇ ಬೀಳುತ್ತದೆ ಎಂಬುದು ನನಗೆ ಗೊತ್ತಿಲ್ಲದ ವಿಷಯವೇ? ಹಿಂದಿನ ಮೆಟ್ಟಿಲಿನಿಂದಲೂ ಯಾರೋ ಕನ್ನಡದಲ್ಲೇ ಬೈಯುತ್ತಿದ್ದರು. ನನ್ನ ಬಾಯಲ್ಲಿ ಅಜ್ಜಿಯದೇ ಕಡಲೆಕಾಯಿ ಇತ್ತು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಭೂಮಿ ಬಿರಿದರೆ ನೀಕ್ಯಾಪಿನ ಸಮೇತ ಒಳಗೆ ಹೋಗುತ್ತಿದ್ದೆ.

ಕೋರ್ಟಿನಲ್ಲಿ ಎತ್ತರದ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ಆಮೇಲೆ ಹರಿಣಿಯ ಕಡೆ ತಿರುಗಿದಳು. ಅವಳ ಗಂಟಲೂ ಅಜ್ಜಿಯದೇ, ಮೆಟ್ಟಿಲವರೆಗೂ ಕೇಳಿಸಿತು.

"ನಿಮ್ ಮಿಸ್ ಏಳಿದ್ದು ಕೇಳಿಸ್ತಾ? ಬಾ, ಈ ಕಡೆನೇ ಬಾ. ಅವಾಗಿಂದ ನನ್ ಕಾಲೇ ನೋಡ್ತಾ ನಿಂತಿದ್ದೀಯ. ನನ್ ಕಾಲು ಎಂಗೈತೆ ಅಂತ ನನ್ಗೆ ಗೊತ್ತು. ಪಾವಂ ಗೀವಂ ಅನ್ಬ್ಯಾಡ ನೀನು. ನಾನು ಆಡಾಕೆ ಬಂದಿರೋದು."

ಹರಿಣಿ ತಬ್ಬಿಬ್ಬಾಗಿ ನನ್ನ ಕಡೆ ನೋಡಿದಳು. ನಾನು ಅಜ್ಜಿಯ ಕಡೆ ನೋಡಿದೆ. ಅಜ್ಜಿ ಮೊಮ್ಮಗಳ ಕಡೆ ನೋಡಿ ನಿಟ್ಟುಸಿರು ಬಿಟ್ಟು, "ಅವ್ಳು ಅಂಗೇ" ಎಂದರು. ಕಡಲೆಕಾಯಿಯ ಪೊಟ್ಟಣವನ್ನು ಮತ್ತೆ ನನ್ನ ಕಡೆಗೆ ಸರಿಸಿದರು. ಆಗ ಬಾಯಲ್ಲಿದ್ದದ್ದು ನುಂಗಿದೆ.

ಸೀಟಿ ಊದಿದರು. ಹರಿಣಿ ಬಾಲು ಬಡಿಯುತ್ತಾ ಎಡಕ್ಕೆ ಹೋದಳು. ಮೊದಲ ಬಾರಿಗೆ, ನಿಧಾನಿಸದೆ, ನೋಯುವ ಕಾಲಿನ ಕಡೆಗೇ ಹೋದಳು. ಎತ್ತರದ ಹುಡುಗಿ ಅದೇ ಕಾಲಿನ ಮೇಲೆ ತಿರುಗಿ ಬಾಲನ್ನು ಪಟ್ಟನೆ ಹೊರಕ್ಕೆ ಬಡಿದಳು. ಅಜ್ಜಿ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟಲೇಬೇಕಾದ ತಡೆ ಅದು.

ಹರಿಣಿಯ ಮುಖ ಬದಲಾದದ್ದು ಆಗ. ಅಲ್ಲಿ ಮರುಕ ಇರಲಿಲ್ಲ, ಭಯವೂ ಇರಲಿಲ್ಲ. ನನ್ನ ಎದುರು ಆಡುವಾಗ ಒಂದು ದಿನವೂ ಕಾಣದಿದ್ದ ಹಟ ಕಂಡಿತು. ಮತ್ತೆ ಬಾಲು ಕೈಗೆ ಬಂದಾಗ ಬಲಕ್ಕೆ ವಾಲಿದಳು, ಎದುರಿನವಳು ನಂಬಲಿಲ್ಲ. ಎಡಕ್ಕೇ ನುಗ್ಗಿದಳು, ಭುಜ ತಗ್ಗಿಸಿ, ಬಾಲನ್ನು ನೆಲಕ್ಕೆ ಅಂಟಿಸಿದಂತೆ ಓಡಿಸಿಕೊಂಡು ದಾಟಿಯೇಬಿಟ್ಟಳು. ಎಡಗೈಯಿಂದ ಎಸೆದ ಬಾಲು ಹಲಗೆಗೆ ಬಡಿದು ಬಳೆಯೊಳಗೆ ಇಳಿಯಿತು. ದೊಡ್ಡಪ್ಪ ಇದನ್ನು ನೋಡಬೇಕಿತ್ತು.

ಹಾಕಿದವಳು ಸುಮ್ಮನಿದ್ದಳೇ? ಹಿಂದಕ್ಕೆ ಓಡಿಬಂದು "ನೋವಾಯ್ತಾ?" ಎಂದು ಕೇಳುವುದಕ್ಕೆ ಬಾಯಿ ತೆರೆದಳು. ಅಷ್ಟರಲ್ಲಿ ಆ ಹುಡುಗಿ ತನ್ನ ಸರದಿಯ ಬಾಲು ಎತ್ತಿಕೊಂಡು ಇವಳನ್ನು ದಾಟಿ ಹೋಗಿ ಒಂದು ಹಾಕಿಯೂ ಆಗಿತ್ತು. ಇಬ್ಬರೂ ನಕ್ಕರು. ಅಲ್ಲಿಂದ ಮುಂದಕ್ಕೆ ಇಬ್ಬರೂ ಆಡಿದ ಆಟಕ್ಕೆ ಕುರ್ಚಿಯವರು ಕಿವಿಮಾತು ಬಿಟ್ಟು ಮುಂದಕ್ಕೆ ಬಾಗಿ ಕೂತರು.

ಸಂಜೆ ಹೆಸರು ಓದಿದರು. ಪಾಲಕೋಡ್ ಹುಡುಗಿಯ ಹೆಸರು ಮೊದಲೇ ಬಂತು. ಆಮೇಲೆ ಒಂದೊಂದೇ ಹೆಸರು, ಒಂದೂ ನಮ್ಮದಲ್ಲ. ನಾನು ಅಜ್ಜಿಯ ಕೈ ಹಿಡಿದುಕೊಂಡಿದ್ದೆ. ಯಾವಾಗ ಹಿಡಿದೆನೋ ಗೊತ್ತಿಲ್ಲ. ಕೊನೆಯ ಹೆಸರಾಗಿ "ಹರಿಣಿ, ಸೇಲಂ" ಎಂದು ಕೇಳಿದಾಗ ನನ್ನಿಂದ ಎದ್ದು ನಿಲ್ಲಲಾಗಲಿಲ್ಲ. ಅಜ್ಜಿಯೇ ನನ್ನನ್ನು ಎಬ್ಬಿಸಿ, "ಓಗಮ್ಮಾ, ನಿನ್ ಉಡುಗಿ ಅಳ್ತಾ ನಿಂತವ್ಳೆ" ಎಂದರು. ಹೌದು, ಅಳುತ್ತಿದ್ದಳು. ನಾನೂ ಅತ್ತೆ. ಪಾವಡಿಯ ಚರಂಡಿಗೆ ಬಾಲು ಬಿದ್ದಾಗ ಅತ್ತಷ್ಟೇ ಅತ್ತೆ ಅನಿಸುತ್ತದೆ.

ಅವಳ ಅಪ್ಪನಿಗೆ ಬಸ್‌ಸ್ಟ್ಯಾಂಡಿನಿಂದ ಫೋನು ಮಾಡಿದೆ. ವಿಷಯ ಹೇಳಿದೆ. ಹಿಂದೆ ಪಟ್ಟರೆಯ ಸದ್ದು ಕೇಳುತ್ತಿತ್ತು. ಅವರು ಹೇಳಿದರು: "ಅಟ್ಟ ಆಗ್ಲೇ ತುಂಬೋಗೈತೆ ಬಿಡಿ ಮಿಸ್. ಬಾಲಿಗೆ ಜಾಗ ಇಲ್ಲ."

ಇದೆಲ್ಲ ಆದದ್ದು ಹೋದ ವಾರ. ಇವತ್ತು ಬೆಳಿಗ್ಗೆ ಮಳೆ ಬಿಟ್ಟಿತ್ತು, ನೀಕ್ಯಾಪು ಮಾತ್ರ ಒಣಗಿರಲಿಲ್ಲ. ಹಿಂಡಿ ಹಿಂಡಿ ಸಾಕಾಗಿ ಅದನ್ನು ತಂತಿಗೇ ಬಿಟ್ಟು ಬರಿಗಾಲಿನಲ್ಲಿ, ಅಂದರೆ ಬರಿಯ ಮೊಣಕಾಲಿನಲ್ಲಿ ಪಾರ್ಕಿಗೆ ಹೋದೆ. ಕೋರ್ಟಿನಲ್ಲಿ ಅಲ್ಲಲ್ಲಿ ನೀರು ನಿಂತಿತ್ತು. ಹರಿಣಿ ಮೊದಲೇ ಬಂದು ಒಣಗಿದ ಜಾಗ ಹುಡುಕಿ ನಿಂತಿದ್ದಳು. ಅವಳ ಕಣ್ಣು ನೇರ ನನ್ನ ಕಾಲಿಗೇ ಹೋಯಿತು.

"ಮಿಸ್, ಕ್ಯಾಪ್ ಎಲ್ಲಿ?"

"ಒಣಗಿಲ್ಲ."

"ಆಗಿದ್ರೆ ಇವತ್ತು ಶೂಟಿಂಗ್ ಮಾತ್ರ ಮಾಡಾಣ್ವಾ ಮಿಸ್?"

ನಾನು ಅವಳ ಎದುರು ಹೋಗಿ ಕೈ ಅಗಲಿಸಿ ಮೊಣಕಾಲು ಬಗ್ಗಿಸಿದೆ. ಬಗ್ಗಿಸುವಾಗಲೇ ಅದು ತನ್ನ ಅಭಿಪ್ರಾಯ ಹೇಳಿತು. "ನನ್ ಕಾಲು ಎಂಗೈತೆ ಅಂತ ನನ್ಗೆ ಗೊತ್ತು" ಎಂದೆ. "ಬಾ."

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಬಾಲನ್ನು ಬಡಿದಳು. ಬಲಕ್ಕೆ ವಾಲಿದಂತೆ ಮಾಡಿ ಸರಕ್ಕನೆ ಎಡಕ್ಕೆ ಬಂದಳು. ನಾನು ತಿರುಗಿದೆ. ನೋವು ಮೊಣಕಾಲಿನಿಂದ ಸೊಂಟಕ್ಕೆ ಹತ್ತಿತು, ಕಣ್ಣಲ್ಲಿ ನೀರು ಬಂತು. ನಾನು ಪೂರ್ತಿ ತಿರುಗುವ ಹೊತ್ತಿಗೆ ಬಾಲು ಬಳೆಯೊಳಗಿಂದ ಇಳಿದು ನೀರಿನಲ್ಲಿ ಬಿದ್ದಿತ್ತು. ಅವಳು ಅದನ್ನು ಎತ್ತಿಕೊಳ್ಳಲು ಓಡುತ್ತಿದ್ದಳು. ಹಿಂತಿರುಗಿ ನನ್ನ ಕಾಲಿನ ಕಡೆ ನೋಡಲೇ ಇಲ್ಲ.

"ಇನ್ನೊಂದ್ಸಲ ಬಾ" ಎಂದೆ.